ಫಾರ್ಮುಲಾ ಬಾಯಿಗೆ ಬಂತು, ಕಲ್ಲು ಎಲ್ಲಿ ಬಿತ್ತು?

ಸಂಪಾದಕರಿಗೆ ನಮಸ್ಕಾರ.

ರಿಸಲ್ಟು, ರ‍್ಯಾಂಕು, ಸೀಟು ಹಂಚಿಕೆ, ಈ ಸುದ್ದಿಗಳಿಗೆ ಪತ್ರಿಕೆಗಳಲ್ಲಿ ಜಾಗದ ಬರ ಇಲ್ಲ. ಆದರೆ ಒಂದು ಪಾಠ ಮಕ್ಕಳ ತಲೆಗೆ ಹೇಗೆ ಹೋಗುತ್ತದೆ, ಅಥವಾ ಹೋಗುವುದಿಲ್ಲ, ಅದರ ಬಗ್ಗೆ ಬರೆಯುವವರು ಕಡಿಮೆ. ಹಾಗಾಗಿ ಒಂದೇ ಒಂದು ಪಾಠ ಹಿಡಿದುಕೊಂಡು ನಾನೇ ಬರೆಯುತ್ತಿದ್ದೇನೆ. ಎಸೆದ ಕಲ್ಲು ಗಾಳಿಯಲ್ಲಿ ಹೇಗೆ ಹೋಗಿ ಎಲ್ಲಿ ಬೀಳುತ್ತದೆ ಅನ್ನುವ ಪಾಠ. ಪಿಯುಸಿ ಮಕ್ಕಳ ಬಾಯಲ್ಲಿ ಇದು ಪ್ರೊಜೆಕ್ಟೈಲ್ ಮೋಷನ್. ಪತ್ರ ಉದ್ದ ಆಯಿತು ಅನಿಸಿದರೆ ಜೋಗದ ಭಾಗ ಕತ್ತರಿಸಿ, ಅಂಗಳದ ಲೆಕ್ಕ ಮಾತ್ರ ದಯವಿಟ್ಟು ಬಿಡಬೇಡಿ.

ನಾನು ಶಿರಸಿ ಕಡೆಯ ಅಡಿಕೆ ಬೆಳೆಗಾರ. ಯಾವುದೋ ಕಾಲದಲ್ಲಿ ಬಿಎಸ್ಸಿ ಮಾಡಿದ್ದೆ, ಫಿಸಿಕ್ಸ್ ಇಷ್ಟದ ವಿಷಯ. ಆಮೇಲೆ ತೋಟ, ಕೊಳೆರೋಗ, ಅಡಿಕೆ ದರ, ಇಷ್ಟರಲ್ಲೇ ವರ್ಷಗಳು ಹೋದವು. ತಂಗಿಯ ಮಗಳು ಕಾರವಾರದಲ್ಲಿ ಓದುತ್ತಾಳೆ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಈಗ ಪಿಯುಸಿ ಸೈನ್ಸ್, ಜೊತೆಗೆ ಒಂದು ಕೋಚಿಂಗ್ ಕ್ಲಾಸು. ಮೊನ್ನೆ ಮೇ ರಜೆಗೆ ಕುಮಟಾ ತನಕ ರೈಲಿನಲ್ಲಿ ಬಂದು, ಅಲ್ಲಿಂದ ದೇವಿಮನೆ ಘಟ್ಟದ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಮಧ್ಯಾಹ್ನ ಅಪ್ಪೆಹುಳಿ ಕುಡಿದು ಮಲಗುವ ಹೊತ್ತಿನಲ್ಲಿ ಈ ಹುಡುಗಿ ಜಗುಲಿಯಲ್ಲಿ ಕೂತು ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದಳು. ಪಾಪ ಅನಿಸಿ ಹತ್ತಿರ ಹೋದೆ. ಅಲ್ಲಿಂದ ಶುರು.

ಪ್ರಶ್ನೆ ಹೀಗಿತ್ತು. 15 ಮೀಟರ್ ಎತ್ತರದ ಕಟ್ಟಡದ ಮೇಲಿಂದ ಒಂದು ಕಲ್ಲನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, ಅಡ್ಡಗೆರೆಗಿಂತ 30 ಡಿಗ್ರಿ ಮೇಲ್ಮುಖವಾಗಿ ಎಸೆದರೆ ಅದು ಕಟ್ಟಡದ ಬುಡದಿಂದ ಎಷ್ಟು ದೂರದಲ್ಲಿ ನೆಲಕ್ಕೆ ಬೀಳುತ್ತದೆ? ಜಿ, ಅಂದರೆ ಭೂಮಿಯ ಎಳೆತ ಪ್ರತಿ ಸೆಕೆಂಡಿಗೆ ಕೆಳಮುಖವಾಗಿ ಸೇರಿಸುವ ವೇಗ, ಅದರ ಬೆಲೆ 10 ಅಂತ ಹಿಡಿಯಿರಿ. ಹುಡುಗಿ ಅರ್ಧ ನಿಮಿಷವೂ ತೆಗೆದುಕೊಳ್ಳಲಿಲ್ಲ. 'ಯು ಸ್ಕ್ವೇರ್ ಸೈನ್ ಟೂ ಥೀಟಾ ಬೈ ಜಿ' ಅಂತ ಮಗ್ಗಿ ಹೇಳಿದ ಹಾಗೆ ಹೇಳಿ, 34.6 ಮೀಟರ್ ಅಂತ ಟಿಕ್ ಹಾಕಿದಳು. ಆಯ್ಕೆಗಳಲ್ಲಿ 34.6 ಇತ್ತು ಕೂಡ. ಇಲಿಬೋನಿನಲ್ಲಿ ಕೊಬ್ಬರಿ ಚೂರು ಇಟ್ಟ ಹಾಗೆ.

"ಆ 15 ಮೀಟರ್ ಎಲ್ಲಿ ಹೋತು ತಂಗಿ?" ಅಂದೆ.

"ಅದು ಸುಮ್ನೆ ಕೊಟ್ಟಿದ್ದು ಮಾವ, ಕನ್ಫ್ಯೂಸ್ ಮಾಡಲೆ."

ನಗು ಬಂತು, ಸಿಟ್ಟೂ ಬಂತು. ಸಿಟ್ಟು ಅವಳ ಮೇಲೆ ಅಲ್ಲ. ಅವಳಿಗೆ ಕೊಟ್ಟ ನೋಟ್ಸ್ ನೋಡಿದೆ. ಒಂದು ಪುಟದಲ್ಲಿ ಹನ್ನೊಂದು ಫಾರ್ಮುಲಾ, ಪೆಟ್ಟಿಗೆ ಹಾಕಿ ಕೆಂಪು ಶಾಯಿಯಲ್ಲಿ ಬರೆಸಿದ್ದಾರೆ. ಒಂದು ಚಿತ್ರ ಇಲ್ಲ. ಆ ದೂರದ ಫಾರ್ಮುಲಾ ನಡೆಯುವುದು ಎಸೆದ ಮಟ್ಟಕ್ಕೇ ಕಲ್ಲು ವಾಪಸ್ ಬಂದು ಬಿದ್ದಾಗ ಮಾತ್ರ ಅನ್ನುವ ಒಂದು ಸಾಲು ಇಲ್ಲ. ಮೇಲಿಂದ ಎಸೆದರೆ, ಗುಡ್ಡದ ಕಡೆಗೆ ಎಸೆದರೆ, ಗೋಡೆಗೆ ಹೊಡೆದರೆ ಆ ಫಾರ್ಮುಲಾ ಕೆಲಸಕ್ಕೆ ಬರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಸಮತಟ್ಟು ಜಾಗ ಸಮುದ್ರದ ದಂಡೆ ಬಿಟ್ಟರೆ ಎಲ್ಲಿದೆ ಹೇಳಿ!

ಆಮೇಲೆ ಇನ್ನೊಂದು ಕೇಳಿದೆ. ಕಲ್ಲು ಕೈಬಿಟ್ಟ ಮೇಲೆ ಅದರ ಮೇಲೆ ಯಾವ ಯಾವ ಬಲ ಇದೆ, ಬಾಣ ಹಾಕಿ ತೋರಿಸು. ಅವಳು ಕೆಳಗೆ ಒಂದು ಬಾಣ ಹಾಕಿದಳು, ಭೂಮಿ ಎಳೆಯುವುದು. ಸರಿ. ಮುಂದಕ್ಕೆ ಇನ್ನೊಂದು ದೊಡ್ಡ ಬಾಣ ಹಾಕಿದಳು. "ಇದೆಂತಾ?" ಅಂದರೆ "ಎಸೆದ ಬಲ ಮಾವ" ಅಂದಳು. ಇಡೀ ಪಾಠದ ಗಂಟು ಇರುವುದೇ ಇಲ್ಲಿ. ಎಸೆದ ಬಲ ಅನ್ನುವುದು ಕೈ ಕಲ್ಲಿಗೆ ತಾಗಿಕೊಂಡಿರುವ ತನಕ ಮಾತ್ರ. ಕೈ ಬಿಟ್ಟ ಕ್ಷಣಕ್ಕೆ ಅದು ಮುಗಿಯಿತು. ಕಲ್ಲು ಮುಂದೆ ಹೋಗುವುದು ಯಾರೋ ತಳ್ಳುತ್ತಿದ್ದಾರೆ ಅಂತ ಅಲ್ಲ, ನಿಲ್ಲಿಸುವವರು ಯಾರೂ ಇಲ್ಲ ಅಂತ. ಕೆಳಕ್ಕೆ ಎಳೆಯುವ ಬಲ ಮಾತ್ರ ಉಳಿದಿದೆ, ಅದು ಕೆಳಮುಖದ ಲೆಕ್ಕವನ್ನು ಬದಲಿಸುತ್ತದೆಯೇ ಹೊರತು ಅಡ್ಡ ಹೋಗುವ ವೇಗವನ್ನು ಮುಟ್ಟುವುದಿಲ್ಲ.

ಈ ತಪ್ಪು ಮಾಡಿದ್ದಕ್ಕೆ ಮಕ್ಕಳು ನಾಚಿಕೆ ಪಡಬೇಕಾಗಿಲ್ಲ. ಫಿರಂಗಿ ಹೊಡೆಯುವುದನ್ನೇ ಕಸುಬು ಮಾಡಿಕೊಂಡವರಿಗೂ ಗುಂಡು ಹೋಗುವ ದಾರಿ ಬಹಳ ಕಾಲ ಗೊತ್ತಿರಲಿಲ್ಲ. ಗುಂಡು ಮೊದಲು ನೇರ ಹೋಗುತ್ತದೆ, ತಳ್ಳಿದ ಶಕ್ತಿ ಮುಗಿದ ಮೇಲೆ ಕೆಳಗೆ ಬೀಳುತ್ತದೆ ಅಂತ ತಿಳಿದಿದ್ದರು. 1537ರಲ್ಲಿ ಇಟಲಿಯ ಗಣಿತಜ್ಞ ಟಾರ್ಟಾಗ್ಲಿಯಾ 45 ಡಿಗ್ರಿಗೆ ಹೊಡೆದರೆ ಅತಿ ದೂರ ಹೋಗುತ್ತದೆ ಅಂತ ಸರಿಯಾಗಿಯೇ ಹೇಳಿದ, ಆದರೆ ದಾರಿ ಮಾತ್ರ ಒಂದು ನೇರ ಗೆರೆ, ಒಂದು ಬಿಲ್ಲಿನ ತುಂಡು, ಮತ್ತೆ ನೆಟ್ಟಗೆ ಕೆಳಗೆ ಒಂದು ಗೆರೆ ಅಂತ ಬರೆದ. ಆ ದಾರಿ ಪ್ಯಾರಾಬೋಲ, ಅಂದರೆ ಎಲ್ಲೂ ಮುರಿಯದೆ ಬಗ್ಗುತ್ತಾ ಹೋಗುವ ಒಂದೇ ಬಿಲ್ಲುಗೆರೆ, ಅಂತ ಗೆಲಿಲಿಯೋ ಲೆಕ್ಕ ಸಮೇತ ತೋರಿಸಿದ ಪುಸ್ತಕ ಅಚ್ಚಾದದ್ದು 1638ರಲ್ಲಿ, ಅದೂ ಅವನು ಗೃಹಬಂಧನದಲ್ಲಿದ್ದ ಮುದಿ ವಯಸ್ಸಿನಲ್ಲಿ. ನೂರು ವರ್ಷ ದೊಡ್ಡವರು ತಡಕಾಡಿದ್ದನ್ನು ನಾವು ಮಕ್ಕಳಿಗೆ ಎರಡು ಪೀರಿಯಡ್‌ನಲ್ಲಿ ಮುಗಿಸಿ, ಅರ್ಥ ಆಯ್ತಾ ಅಂತ ಕೇಳಿ, ಅವರು ಆಯ್ತು ಸಾರ್ ಅಂದ ಕೂಡಲೇ ಬೋರ್ಡು ಒರೆಸುತ್ತೇವೆ.

ನಮ್ಮ ಕನ್ನಡ ಮೀಡಿಯಂ ಮಕ್ಕಳಿಗೆ ಇನ್ನೊಂದು ತೊಡಕು ಇದೆ, ಇದನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ. ಆಕ್ಸಿಲರೇಶನ್‌ಗೆ, ಅಂದರೆ ವೇಗ ಬದಲಾಗುವ ದರಕ್ಕೆ, ಹೈಸ್ಕೂಲಿನಲ್ಲಿ ಕಲಿಸುವ ಪದ ವೇಗೋತ್ಕರ್ಷ. ಉತ್ಕರ್ಷ ಅಂದರೆ ಏರಿಕೆ, ಹೆಚ್ಚಳ. ಹಾಗಾಗಿ ಕಲ್ಲು ಮೇಲೆ ಹೋಗುತ್ತಾ ನಿಧಾನ ಆಗುವಾಗ ವೇಗೋತ್ಕರ್ಷ ಇದೆ ಅಂದರೆ ಮಗುವಿಗೆ ತಮಾಷೆ ಅನಿಸುತ್ತದೆ. ತುತ್ತತುದಿಯಲ್ಲಿ ಎಷ್ಟು ಅಂತ ಕೇಳಿದರೆ ಸೊನ್ನೆ ಅನ್ನುತ್ತದೆ. ನಮ್ಮ ಹುಡುಗಿಯೂ ಹಾಗೇ ಅಂದಳು. ಸೊನ್ನೆ ಆಗಿದ್ದರೆ ಕಲ್ಲು ಆ ತುದಿಯಲ್ಲೇ ವೇಗ ಬದಲಿಸದೆ ಅಡ್ಡಕ್ಕೆ ಹೋಗುತ್ತಲೇ ಇರಬೇಕಿತ್ತು, ಕೆಳಗೆ ಬರುವ ಮಾತೇ ಇರುತ್ತಿರಲಿಲ್ಲ ಅಲ್ವಾ? ಮೇಲೆ ಹೋಗುವಾಗ, ತುದಿಯಲ್ಲಿ, ಕೆಳಗೆ ಬರುವಾಗ, ಮೂರೂ ಹೊತ್ತು ಅದು ಸೆಕೆಂಡಿಗೆ 9.8 ಮೀಟರ್‌ನಷ್ಟು ವೇಗವನ್ನು ಕೆಳಮುಖವಾಗಿ ಸೇರಿಸುತ್ತಲೇ ಇರುತ್ತದೆ. ತುದಿಯಲ್ಲಿ ಸೊನ್ನೆ ಆಗುವುದು ಮೇಲೆ ಹೋಗುವ ವೇಗ ಮಾತ್ರ. ಅಡ್ಡ ವೇಗ ಅಲ್ಲಿಯೂ ಹಾಗೇ ಇದೆ. ಪದ ಬದಲಿಸಿ ಅಂತ ನಾನು ಹೇಳುತ್ತಿಲ್ಲ, ಬಳಸಿ ರೂಢಿಯಾಗಿದೆ. ಪದ ದಾರಿ ತಪ್ಪಿಸುತ್ತದೆ ಅಂತ ಕ್ಲಾಸಿನಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿದರೆ ಸಾಕು.

ಬರೀ ಮಾತಿನಿಂದ ಅವಳಿಗೆ ನಂಬಿಕೆ ಬರಲಿಲ್ಲ. ಬರಬಾರದು ಕೂಡ. ಜಗುಲಿ ಅಂಚಿಗೆ ಒಂದು ಸ್ಕೇಲು ಇಟ್ಟೆ, ತುದಿ ಸ್ವಲ್ಪ ಹೊರಗೆ ಚಾಚಿದ ಹಾಗೆ. ಹೊರಗೆ ಚಾಚಿದ ತುದಿಯ ಮೇಲೆ ಒಂದು ರೂಪಾಯಿ ನಾಣ್ಯ, ಸ್ಕೇಲಿನ ಪಕ್ಕಕ್ಕೆ ಒತ್ತಿಕೊಂಡು ಜಗುಲಿ ಅಂಚಿನಲ್ಲಿ ಇನ್ನೊಂದು. ಸ್ಕೇಲನ್ನು ಪಕ್ಕಕ್ಕೆ ಫಟ್ ಅಂತ ಹೊಡೆದರೆ ಮೇಲಿದ್ದ ನಾಣ್ಯ ಬುಡ ತಪ್ಪಿ ನೆಟ್ಟಗೆ ಕೆಳಗೆ ಬೀಳುತ್ತದೆ, ಪಕ್ಕದ್ದು ದೂರಕ್ಕೆ ಹಾರುತ್ತದೆ. ನೋಡಬೇಡ, ಕಣ್ಣು ಮುಚ್ಚಿ ಕೇಳು ಅಂದೆ. ಟಣ್. ಒಂದೇ ಸದ್ದು. ಮತ್ತೆ ಮಾಡಿದಳು, ಜೋರಾಗಿ ಹೊಡೆದಳು, ನಾಣ್ಯ ಅಂಗಳದ ಆಚೆ ತುಳಸಿಕಟ್ಟೆ ತನಕ ಹೋಯಿತು. ಆಗಲೂ ನೆಲ ಮುಟ್ಟಿದ ಸದ್ದು ಒಂದೇ. ನಮ್ಮ ಜಗುಲಿ ಸುಮಾರು 80 ಸೆಂಟಿಮೀಟರ್ ಎತ್ತರ. ಅಷ್ಟು ಬೀಳುವುದಕ್ಕೆ 0.4 ಸೆಕೆಂಡು. ನೆಟ್ಟಗೆ ಬಿದ್ದ ನಾಣ್ಯಕ್ಕೂ ಅಷ್ಟೇ, ತುಳಸಿಕಟ್ಟೆಗೆ ಹೋದ ನಾಣ್ಯಕ್ಕೂ ಅಷ್ಟೇ. ಎಂಟತ್ತು ಸಲ ಮಾಡಿದ ಮೇಲೆ ಅವಳೇ ಹೇಳಿದಳು, "ಹಂಗಾದ್ರೆ ಕೆಳಗೆ ಬೀಳದಕ್ಕೆ ಅಡ್ಡ ಹೋಗದು ಗೊತ್ತೇ ಇಲ್ಲೆ ಮಾವ." ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಈಗ ಅಂಗಳದ ಲೆಕ್ಕ. ಮೇ ತಿಂಗಳು ಅಂಗಳ ಖಾಲಿ, ಅಡಿಕೆ ಒಣಗಿಸುವ ಕೆಲಸ ಮುಗಿದಿತ್ತು. ಸೀಮೆಸುಣ್ಣದಲ್ಲಿ ಒಂದು ಮೀಟರ್‌ಗೆ ಹತ್ತು ಸೆಂಟಿಮೀಟರ್ ಅಂತ ಅಳತೆ ಹಿಡಿದು ಅಡ್ಡ ಗೆರೆ, ಲಂಬ ಗೆರೆ ಎಳೆದೆವು. ಕಟ್ಟಡ ಒಂದೂವರೆ ಮೀಟರ್ ಎತ್ತರ ಆಯಿತು. ಕಲ್ಲಿನ ಬದಲು ಚಾಲಿ ಅಡಿಕೆ. ಫಾರ್ಮುಲಾ ಮುಟ್ಟುವ ಹಾಗಿಲ್ಲ ಅಂತ ಷರತ್ತು.

ಸೆಕೆಂಡಿಗೆ 20 ಮೀಟರ್, 30 ಡಿಗ್ರಿ ಅಂದರೆ ಮೇಲ್ಮುಖ ವೇಗ ಅದರ ಅರ್ಧ, 10. ಅಡ್ಡ ವೇಗ 17.3. ಅಡ್ಡದ್ದು ಬದಲಾಗುವುದಿಲ್ಲ, ಅದನ್ನು ಬದಿಗಿಡಿ. ಮೇಲ್ಮುಖ ವೇಗದಿಂದ ಪ್ರತಿ ಸೆಕೆಂಡಿಗೆ 10 ಕಳೆಯುತ್ತಾ ಹೋಗಿ. ಶುರುವಿನಲ್ಲಿ 10, ಒಂದು ಸೆಕೆಂಡಿಗೆ ಸೊನ್ನೆ, ಎರಡಕ್ಕೆ ಕೆಳಮುಖ 10, ಮೂರಕ್ಕೆ ಕೆಳಮುಖ 20. ಮೊದಲ ಸೆಕೆಂಡಿನಲ್ಲಿ ಸರಾಸರಿ ವೇಗ 5, ಹಾಗಾಗಿ 5 ಮೀಟರ್ ಮೇಲೆ ಹೋಯಿತು. ಎರಡನೆಯದರಲ್ಲಿ 5 ಮೀಟರ್ ಕೆಳಗೆ ಬಂತು, ಅಂದರೆ ಕಟ್ಟಡದ ತಲೆಯ ಮಟ್ಟಕ್ಕೆ ವಾಪಸ್. ಮೂರನೆಯದರಲ್ಲಿ ಸರಾಸರಿ 15, ಹಾಗಾಗಿ 15 ಮೀಟರ್ ಕೆಳಗೆ. ನೆಲ ಬಂತು! ಕಟ್ಟಡದ ಎತ್ತರ 15 ಅಂತ ಯಾಕೆ ಕೊಟ್ಟಿದ್ದರು ಅಂತ ಆಗ ಅವಳಿಗೆ ಗೊತ್ತಾಯಿತು. ಒಟ್ಟು ಮೂರು ಸೆಕೆಂಡು ಗಾಳಿಯಲ್ಲಿ ಇತ್ತು, ಸೆಕೆಂಡಿಗೆ 17.3ರಂತೆ ಮೂರಕ್ಕೆ 52 ಮೀಟರ್. ಅವಳು ಟಿಕ್ ಹಾಕಿದ 34.6 ಇದೆಯಲ್ಲ, ಅದು ಎರಡನೇ ಸೆಕೆಂಡಿನ ಕೊನೆಗೆ ಕಲ್ಲು ಇರುವ ಜಾಗ. ನೆಲಕ್ಕೆ ಇನ್ನೂ 15 ಮೀಟರ್ ಇರುವಾಗ, ಗಾಳಿಯಲ್ಲಿ. "ಕಲ್ಲನ್ನ ಅಲ್ಲೇ ತೂಗು ಹಾಕಿಬಿಟ್ಟಿದ್ದಿ ನೋಡು" ಅಂದೆ. ಅರ್ಧ ಅರ್ಧ ಸೆಕೆಂಡಿಗೆ ಒಂದೊಂದು ಅಡಿಕೆ ಇಡುತ್ತಾ ಬಂದಳು. ಏಳು ಅಡಿಕೆ. ಅಂಗಳದಲ್ಲಿ ಒಂದು ಪ್ಯಾರಾಬೋಲ ಬಿದ್ದಿತ್ತು, ಬಲಗಡೆ ಕಾಲು ಉದ್ದ, ಎಡಗಡೆ ಗಿಡ್ಡ. ಸಂಜೆ ಕೆಲಸಕ್ಕೆ ಬಂದವರು ಇದೆಂತ ರಂಗೋಲಿ ಅಂತ ಕೇಳಿದರು.

ಇದೇ ಲೆಕ್ಕಕ್ಕೆ ಇನ್ನೊಂದು ದಾರಿಯೂ ಇದೆ, ನನಗೆ ಅದು ಜಾಸ್ತಿ ಇಷ್ಟ. ಭೂಮಿ ಎಳೆಯುವುದೇ ಇಲ್ಲ ಅಂದುಕೊಳ್ಳಿ. ಕಲ್ಲು ಎಸೆದ ದಿಕ್ಕಿನಲ್ಲೇ ನೇರ ಗೆರೆ ಹಿಡಿದು ಹೋಗುತ್ತದೆ, ಮೂರು ಸೆಕೆಂಡಿಗೆ 30 ಮೀಟರ್ ಮೇಲೆ ಇರುತ್ತದೆ. ಈಗ ಭೂಮಿಯ ಎಳೆತ ಸೇರಿಸಿ. ಮೂರು ಸೆಕೆಂಡಿನಲ್ಲಿ ಯಾವ ವಸ್ತುವೇ ಆಗಲಿ 45 ಮೀಟರ್ ಬೀಳುತ್ತದೆ. 30ರಲ್ಲಿ 45 ಕಳೆದರೆ ಎಸೆದ ಮಟ್ಟದಿಂದ 15 ಕೆಳಗೆ. ಅದೇ ಉತ್ತರ. ಎಸೆದ ಕಲ್ಲು ತಾನು ಹೋಗಬೇಕಿದ್ದ ನೇರ ಗೆರೆಯಿಂದ ಬೀಳುತ್ತಲೇ ಇರುತ್ತದೆ, ಮೇಲೆ ಹೋಗುವಾಗಲೂ.

ಇದಕ್ಕೆ ಫಿಸಿಕ್ಸ್ ಪುಸ್ತಕಗಳಲ್ಲಿ ಒಂದು ಮಂಗನ ಕಥೆ ಬರುತ್ತದೆ. ಮರದಲ್ಲಿ ಕೂತ ಮಂಗಕ್ಕೆ ಬೇಟೆಗಾರ ನೇರ ಗುರಿ ಇಡುತ್ತಾನೆ, ಗುಂಡು ಹೊರಟ ಕ್ಷಣಕ್ಕೆ ಮಂಗ ಹೆದರಿ ಕೊಂಬೆ ಬಿಡುತ್ತದೆ. ಗುಂಡು ತಗಲುತ್ತದೋ ಇಲ್ಲವೋ? ತಗಲುತ್ತದೆ. ಮಂಗ ಕೊಂಬೆಯಿಂದ ಎಷ್ಟು ಬಿದ್ದಿತೋ ಗುಂಡೂ ತನ್ನ ಗೆರೆಯಿಂದ ಅಷ್ಟೇ ಬಿದ್ದಿರುತ್ತದೆ. ನಮ್ಮ ತೋಟದ ಮಂಗಗಳು ಇಷ್ಟು ಪೆದ್ದಲ್ಲ. ಕವಣೆ ಕೈಗೆತ್ತಿಕೊಂಡರೆ ಸಾಕು, ಆಚೆ ಮರಕ್ಕೆ ಜಿಗಿದಿರುತ್ತವೆ. ಆ ಜಿಗಿತವೂ ಪ್ಯಾರಾಬೋಲವೇ ಅನ್ನಿ. ಮರಿ ಹೊಟ್ಟೆಗೆ ಕಟ್ಟಿಕೊಂಡಿದ್ದರೂ ಕೊಂಬೆ ಒಂದು ದಿನವೂ ತಪ್ಪುವುದಿಲ್ಲ, ಯಾವ ಕೋಚಿಂಗಿಗೂ ಹೋಗಿಲ್ಲ.

ಮಂಗ ಓಡಿಸುವುದಕ್ಕೆ ಕವಣೆ ಬೀಸಿ ರೂಢಿ ಇರುವವರಿಗೆ ಇನ್ನೊಂದು ವಿಷಯ ಗೊತ್ತಿದೆ. ನಮ್ಮ ಮನೆಗಳು ಮೇಲೆ, ತೋಟ ಕೆಳಗೆ ಕಣಿವೆಯಲ್ಲಿ. ಮನೆ ಕಡೆಯಿಂದ ತೋಟದ ಆಚೆ ತುದಿಗೆ ಕಲ್ಲು ತಲುಪಬೇಕಾದರೆ 45 ಡಿಗ್ರಿ ಎತ್ತಬಾರದು, ಸ್ವಲ್ಪ ತಗ್ಗಿಸಿಯೇ ಬೀಸಬೇಕು. ಲೆಕ್ಕವೂ ಅದನ್ನೇ ಹೇಳುತ್ತದೆ. ಹತ್ತು ಮೀಟರ್ ಎತ್ತರದಿಂದ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಎಸೆದರೆ ಅತಿ ದೂರ ಹೋಗುವುದು ಸುಮಾರು 39 ಡಿಗ್ರಿಗೆ, 45ಕ್ಕೆ ಅಲ್ಲ. ಆದರೆ ವ್ಯತ್ಯಾಸ ಮುಕ್ಕಾಲು ಮೀಟರ್ ಕೂಡ ಇಲ್ಲ, 45ಕ್ಕೆ 49.1 ಮೀಟರ್, 39ಕ್ಕೆ 49.8. ಅಷ್ಟಕ್ಕೆ ಮಂಗ ಏನೂ ಬೇಜಾರು ಮಾಡಿಕೊಳ್ಳುವುದಿಲ್ಲ. 45 ಡಿಗ್ರಿ ಅನ್ನುವುದು ದೇವರ ವಾಕ್ಯ ಅಲ್ಲ, ಸಮತಟ್ಟು ನೆಲ ಮತ್ತು ಗಾಳಿಯೇ ಇಲ್ಲದ ಲೋಕದ ಮಾತು ಅಂತ ಮಕ್ಕಳಿಗೆ ಗೊತ್ತಿದ್ದರೆ ಸಾಕು.

ಗಾಳಿ ಅಂದೆ. ಅದನ್ನೂ ಹೇಳಬೇಕು. ಅಡಿಕೆ ಮರದಿಂದ ಒಂದು ಗೋಟಡಿಕೆ ಬೀಳುವುದನ್ನು ನೋಡಿ, ಒಂದು ಹಾಳೆ ಬೀಳುವುದನ್ನು ನೋಡಿ. ಅಡಿಕೆ ಲೆಕ್ಕದ ಪ್ರಕಾರ ಬರುತ್ತದೆ. ಹಾಳೆ ಅತ್ತಿತ್ತ ಹೊಯ್ದಾಡಿ, ಮಗುಚಿ, ಯಾರ ತಲೆ ಮೇಲೆ ಬರುತ್ತದೋ ಹೇಳಲು ಬರುವುದಿಲ್ಲ. ಮಳೆಗಾಲದಲ್ಲಿ ಕೊಳೆಗೆ ಬೋರ್ಡೋ ಮದ್ದು ಹೊಡೆಯುವಾಗಲೂ ಹೀಗೇ. ದಪ್ಪ ಹನಿ ಬಿಲ್ಲಿನ ಹಾಗೆ ಬಗ್ಗಿ ಹೋಗುತ್ತದೆ, ಮಂಜಿನಂಥ ಹನಿ ಗಾಳಿ ಕರೆದ ಕಡೆಗೆ. ಕಾಲೇಜಿನ ಲೆಕ್ಕದಲ್ಲಿ ಗಾಳಿಯ ತಡೆ ಬಿಟ್ಟುಬಿಡಿ ಅಂತ ಒಂದು ಸಾಲು ಇರುತ್ತದೆ. ಯಾವ ವಸ್ತುವಿಗೆ ಬಿಡಬಹುದು, ಯಾವುದಕ್ಕೆ ಬಿಡಬಾರದು ಅಂತ ಒಂದು ಮಾತೂ ಆಡದೆ ಮುಂದೆ ಹೋಗುತ್ತೇವೆ.

ಜೋಗಕ್ಕೆ ಕರೆದುಕೊಂಡು ಹೋಗಿದ್ದೆ ಅವಳನ್ನು, ನಮ್ಮ ಸಿದ್ದಾಪುರದ ಕಡೆಯಿಂದ. ಮೇ ತಿಂಗಳಲ್ಲಿ ನೀರು ನೂಲಿನಷ್ಟು. ರಾಜ, ರಾಣಿ, ರೋರರ್, ರಾಕೆಟ್, ನಾಲ್ಕರಲ್ಲಿ ರಾಕೆಟ್ ಅಂತ ಹೆಸರು ಬಂದದ್ದೇ ಆ ನೀರು ಬಂಡೆಯಿಂದ ಚಿಮ್ಮಿ ಹೊರಕ್ಕೆ ಹಾರುವುದಕ್ಕೆ. ಅಂದರೆ ಮಳೆಗಾಲದಲ್ಲಿ ಪ್ರೊಜೆಕ್ಟೈಲ್ ಮೋಷನ್ ನೋಡಲಿಕ್ಕೆ ಇದಕ್ಕಿಂತ ದೊಡ್ಡ ಬೋರ್ಡು ಬೇಡ. ರಾಜನ ಎತ್ತರ 253 ಮೀಟರ್. ಗಾಳಿ ಇಲ್ಲ ಅಂತ ಲೆಕ್ಕ ಹಾಕಿದರೆ ಮೇಲಿಂದ ಕೆಳಗೆ ಬರಲು 7.2 ಸೆಕೆಂಡು, ಕೆಳಗೆ ಮುಟ್ಟುವಾಗ ಸೆಕೆಂಡಿಗೆ 70 ಮೀಟರ್ ವೇಗ, ಗಂಟೆಗೆ ಲೆಕ್ಕ ಹಾಕಿದರೆ ಅದೂ 253 ಕಿಲೋಮೀಟರ್! ಎರಡೂ ಒಂದೇ ಅಂಕಿ ಬಂದದ್ದು ಸುಮ್ನೆ ಕಾಕತಾಳೀಯ, ಅದರಲ್ಲಿ ಗುಟ್ಟೇನೂ ಇಲ್ಲ. ನಿಜದಲ್ಲಿ ನೀರು ಅಷ್ಟು ವೇಗ ಹಿಡಿಯುವುದಿಲ್ಲ. ಅರ್ಧ ದಾರಿಗೆ ಹನಿ ಹನಿಯಾಗಿ ಒಡೆಯುತ್ತದೆ, ಒಡೆದ ಹನಿಯನ್ನು ಗಾಳಿ ಹಿಡಿಯುತ್ತದೆ. ದೊಡ್ಡ ಮಳೆಹನಿ ಕೂಡ ಸೆಕೆಂಡಿಗೆ ಸುಮಾರು 9 ಮೀಟರ್‌ಗಿಂತ ಹೆಚ್ಚು ವೇಗದಲ್ಲಿ ಬೀಳುವುದಿಲ್ಲ. ಇಲ್ಲವಾದರೆ ಮಲೆನಾಡಿನ ಮಳೆಯಲ್ಲಿ ಕೊಡೆ ಅಲ್ಲ, ಹಂಚೂ ಉಳಿಯುತ್ತಿರಲಿಲ್ಲ. ಜೋಗದ ಬುಡದಲ್ಲಿ ಕಾಣುವ ಆ ಬಿಳಿ ಹೊಗೆ ಇದೆಯಲ್ಲ, ಅಲ್ಲಿ ಪ್ಯಾರಾಬೋಲದ ಲೆಕ್ಕ ಮುಗಿದಿರುತ್ತದೆ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ನಿಲ್ಲಿಸಿದ್ದಾರೆ, ಕ್ಷಿಪಣಿ ನೌಕೆ. ಅದರ ಬಗ್ಗೆ ಅವಳು ಕೇಳಿದಳು, ಕ್ಷಿಪಣಿಗೂ ಇದೇ ಲೆಕ್ಕವಾ ಅಂತ. ಇಂಜಿನ್ ಉರಿಯುವ ತನಕ ಇಲ್ಲ, ಅಲ್ಲಿ ತಳ್ಳುವ ಬಲ ನಿಜವಾಗಿಯೂ ಜೊತೆಗೇ ಹೋಗುತ್ತದೆ. ನೀನು ಕಲ್ಲಿಗೆ ಹಾಕಿದ ಆ ಮುಂದಿನ ಬಾಣವನ್ನು ಕ್ಷಿಪಣಿಗೆ ಹಾಕು, ಸರಿಯಾಗುತ್ತದೆ ಅಂದೆ. ಆ ಹೋಲಿಕೆ ಅವಳಿಗೆ ಒಳ್ಳೆ ಹಿಡಿಸಿತು.

ಅಘನಾಶಿನಿ ಅಳಿವೆಯಲ್ಲಿ ಬೀಸುಬಲೆ ಹಾಕುವವರನ್ನು ನೋಡಿದ್ದೀರಾ? ಬಲೆ ಕೈಬಿಟ್ಟ ಮೇಲೆ ತಿರುಗುತ್ತಾ ಛತ್ರಿ ಹಾಗೆ ಬಿಚ್ಚಿಕೊಳ್ಳುತ್ತದೆ, ಒಂದೊಂದು ಸೀಸದ ಗುಂಡೂ ಒಂದೊಂದು ಕಡೆ. ಕಣ್ಣಿಗೆ ಗೋಜಲು. ಆದರೆ ಒಟ್ಟು ಬಲೆಯ ತೂಕದ ನಡುಬಿಂದು ಇದೆಯಲ್ಲ, ಅದು ಹೆಚ್ಚು ಕಡಿಮೆ ಎಸೆದ ಕಲ್ಲಿನ ದಾರಿಯಲ್ಲೇ ಹೋಗುತ್ತದೆ. ಇದು ಮುಂದಿನ ಪಾಠ, ಇಲ್ಲಿ ಬೇಡ.

ಕೋಚಿಂಗ್‌ನವರನ್ನು ಪೂರ್ತಿ ಬೈಯುವುದೂ ನ್ಯಾಯ ಅಲ್ಲ. ಸಿಇಟಿಯಲ್ಲಿ ಫಿಸಿಕ್ಸ್‌ಗೆ 80 ನಿಮಿಷ, 60 ಪ್ರಶ್ನೆ. ಒಂದಕ್ಕೆ 80 ಸೆಕೆಂಡು. ಅಂಗಳದಲ್ಲಿ ಅಡಿಕೆ ಇಡುತ್ತಾ ಕೂತರೆ ಆಗುವುದಿಲ್ಲ, ಒಪ್ಪಿದೆ. ಆದರೆ ಆ ಪ್ರಶ್ನೆಯನ್ನು ಮರುದಿನ ಬೇರೆ ಅಂಕಿ ಹಾಕಿ ಅವಳಿಗೇ ಕೊಟ್ಟೆ. 10, ಸೊನ್ನೆ, ಮೈನಸ್ 10 ಅಂತ ಬೆರಳು ಮಡಚುತ್ತಾ ನಲವತ್ತು ಸೆಕೆಂಡಿನಲ್ಲಿ ಮುಗಿಸಿದಳು. ಹನ್ನೊಂದು ಫಾರ್ಮುಲಾ ಹುಡುಕುವುದಕ್ಕಿಂತ ಕಡಿಮೆ ಹೊತ್ತು. ಮತ್ತೆ ಮೇಲೆ ಹೋಗುವುದು ಪ್ಲಸ್ಸಾ ಮೈನಸ್ಸಾ ಅನ್ನುವ ಜಗಳವೂ ಇಲ್ಲ. ಯಾವುದೋ ಒಂದು ದಿಕ್ಕನ್ನು ಪ್ಲಸ್ ಅಂತ ಮೊದಲೇ ಗಟ್ಟಿ ಮಾಡಿಕೊಂಡು ಕೊನೆ ತನಕ ಅದಕ್ಕೇ ಅಂಟಿಕೊಂಡರೆ ಆಯಿತು. ಅರ್ಧ ಮಕ್ಕಳ ಉತ್ತರ ತಪ್ಪುವುದು ಫಿಸಿಕ್ಸ್ ಗೊತ್ತಿಲ್ಲದೆ ಅಲ್ಲ, ನಡುದಾರಿಯಲ್ಲಿ ಚಿಹ್ನೆ ಬದಲಿಸಿ.

ನಾನು ಕೇಳುವುದು ದೊಡ್ಡದೇನಲ್ಲ. ಈ ಪಾಠಕ್ಕೆ ಉಪನ್ಯಾಸಕರು ಒಂದೇ ಒಂದು ಪೀರಿಯಡ್ ಮಕ್ಕಳನ್ನು ಕಾಲೇಜು ಮೈದಾನಕ್ಕೆ ಇಳಿಸಲಿ. ಲ್ಯಾಬ್ ಬೇಡ, ದುಡ್ಡು ಬೇಡ. ಎರಡು ನಾಣ್ಯ, ಒಂದು ಸ್ಕೇಲು, ಯಾರದ್ದಾದರೂ ಒಂದು ಮೊಬೈಲ್. ಗೋಡೆಗೆ ಅಳತೆ ಟೇಪು ಅಂಟಿಸಿ, ಅದರ ಮುಂದೆ ಒಂದು ಅಡಿಕೆ ಬಿಟ್ಟು ಸ್ಲೋ ಮೋಷನ್‌ನಲ್ಲಿ ಹಿಡಿದರೆ ಸಾಕು. ಮೊದಲ 0.1 ಸೆಕೆಂಡಿಗೆ 4.9 ಸೆಂಟಿಮೀಟರ್, ಮುಂದಿನದಕ್ಕೆ 14.7, ಮತ್ತೆ 24.5, ಮತ್ತೆ 34.3. ಒಂದಕ್ಕೆ ಮೂರು, ಐದು, ಏಳು ಪಟ್ಟು. ಗೆಲಿಲಿಯೋಗೆ ಕಂಡ ಇದೇ ಬೆಸಸಂಖ್ಯೆಯ ಸಾಲು ನಮ್ಮ ಮಕ್ಕಳ ಮೊಬೈಲ್‌ನಲ್ಲೂ ಕಾಣುತ್ತದೆ, ಅವನಿಗೆ ಪಾಪ ಇಳಿಜಾರು ಹಲಗೆ ಮತ್ತು ನೀರಿನ ಗಡಿಯಾರ ಮಾತ್ರ ಇತ್ತು. ಇನ್ನು ನಿಮ್ಮ ಪತ್ರಿಕೆಗೆ ಒಂದು ಕೋರಿಕೆ. ಪರೀಕ್ಷೆ ಹತ್ತಿರ ಬಂದಾಗ ಮಾದರಿ ಪ್ರಶ್ನೆ ಹಾಕುತ್ತೀರಿ, ಕೆಳಗೆ ಸರಿ ಉತ್ತರ ಎ, ಬಿ, ಸಿ ಅಂತ ಹಾಕುತ್ತೀರಿ. ತಪ್ಪು ಉತ್ತರ ಎಲ್ಲಿಂದ ಬಂತು ಅಂತಲೂ ಒಂದು ಸಾಲು ಹಾಕಿ. 34.6 ಅಂದರೆ ಏನು ಅಂತ ಗೊತ್ತಾದಾಗ ಆ ಹುಡುಗಿ ಕಲಿತಷ್ಟು 52 ಅಂತ ಗೊತ್ತಾದಾಗ ಕಲಿಯಲಿಲ್ಲ.

ವಾಪಸ್ ಹೋಗುವಾಗ ಕುಮಟಾದಲ್ಲಿ ರೈಲು ಹತ್ತಿಸಿ, ಒಂದು ಪೊಟ್ಟಣ ಶೇಂಗಾ ಕೊಟ್ಟು ಹೇಳಿದ್ದೆ. ರೈಲು ಒಂದೇ ವೇಗದಲ್ಲಿ ಓಡುವಾಗ ಒಂದು ಶೇಂಗಾ ಮೊಳದಷ್ಟು ಎತ್ತರಕ್ಕೆ ನೆಟ್ಟಗೆ ಎಸಿ. ಅದು 0.6 ಸೆಕೆಂಡು ಗಾಳಿಯಲ್ಲಿ ಇರುತ್ತದೆ, ಗಂಟೆಗೆ 90 ಕಿಲೋಮೀಟರ್ ಓಡುವ ರೈಲು ಅಷ್ಟರಲ್ಲಿ 15 ಮೀಟರ್ ಮುಂದೆ ಹೋಗಿರುತ್ತದೆ. ಶೇಂಗಾ ಎಲ್ಲಿ ಬೀಳುತ್ತದೆ ನೋಡು. ಸಂಜೆ ಮೆಸೇಜು ಬಂತು. ಗೋಕರ್ಣ ರೋಡ್ ದಾಟಿದ ಮೇಲೆ ನಾಲ್ಕು ಸಲ ಎಸೆದಳಂತೆ, ನಾಲ್ಕೂ ಅಂಗೈಗೆ. ಅಂಕೋಲಾ ಹತ್ತಿರ ಬರುವಾಗ ಐದನೆಯದು ಎಸೆದರೆ ಅರ್ಧ ಗೇಣು ಮುಂದೆ ಬಿತ್ತಂತೆ, ಇಂಜಿನ್ ಕಡೆಗೆ. ಕಿಟಕಿ ಗಾಳಿ ಆಗಿದ್ದರೆ ಹಿಂದಕ್ಕೆ ತಳ್ಳಬೇಕಿತ್ತು ಮಾವ, ಹಾಗಾಗಿ ರೈಲು ಬ್ರೇಕ್ ಹಾಕಿದ್ದೇ ಸೈ ಅಂತ ಬರೆದಿದ್ದಾಳೆ. ಕೆಳಗೆ ಲೆಕ್ಕ ಬೇರೆ. ಹತ್ತು ಸೆಂಟಿಮೀಟರ್, 0.6 ಸೆಕೆಂಡು, ಹಾಗಾದರೆ ರೈಲು ಪ್ರತಿ ಸೆಕೆಂಡಿಗೆ ಸುಮಾರು ಅರ್ಧ ಮೀಟರ್‌ನಷ್ಟು ವೇಗ ಕಳೆದುಕೊಳ್ಳುತ್ತಿತ್ತು. ಎದುರು ಸೀಟಿನ ಅಜ್ಜ ಉಳಿದ ಶೇಂಗಾ ಅಷ್ಟೂ ತಿಂದು ಮುಗಿಸಿದರಂತೆ, ಹಾಗಾಗಿ ಆರನೇ ಸಲ ನೋಡಲು ಆಗಲಿಲ್ಲ.

ಇತಿ,
ಒಬ್ಬ ಅಡಿಕೆ ಬೆಳೆಗಾರ, ಶಿರಸಿ